ಚಾಲಕರ ನಿದ್ದೆಯ ಚರಿತ್ರೆ

ಗಾಡಿ ಹೊಡೆಯುವವನ ತೂಕಡಿಕೆ ಪ್ರಾಣಕ್ಕೆ ಎರವಾಗತೊಡಗಿದ್ದು ಮೋಟಾರು ಬಂದ ಮೇಲೆ. ಎತ್ತಿನ ಗಾಡಿಯ ಕಾಲದಲ್ಲಿ ರಾತ್ರಿ ಪಯಣವೇ ವಾಡಿಕೆಯಾಗಿತ್ತು. ಬೇಸಿಗೆಯ ಬಿಸಿಲಿಗೆ ಎತ್ತುಗಳು ಬಳಲುತ್ತವೆಂದು ಸಂತೆಗೋ ಜಾತ್ರೆಗೋ ಹೊರಟ ಗಾಡಿಗಳ ಸಾಲು ರಾತ್ರಿಯೂಟ ಮುಗಿಸಿಕೊಂಡೇ ಊರು ಬಿಡುತ್ತಿತ್ತು. ಮೂಕಿಯ ಬಳಿ ಕುಳಿತವನಿಗೆ ಜೊಂಪು ಹತ್ತಿದರೂ ಎತ್ತುಗಳು ಮುಂದಿನ ಗಾಡಿಯ ಜಾಡು ಹಿಡಿದು ನಡೆಯುತ್ತಲೇ ಇರುತ್ತಿದ್ದವು. ಗಂಟೆಗೆ ಮೂರು ನಾಲ್ಕು ಕಿಲೋಮೀಟರಿನ ನಡಿಗೆ. ಎದುರಿಗೆ ಹಳ್ಳ ಬಂದರೆ ಅವೇ ನಿಲ್ಲುತ್ತಿದ್ದವು. ಎಚ್ಚರದ ಅರ್ಧ ಪಾಲು ಪ್ರಾಣಿಯದಾಗಿತ್ತು. ದೂರದ ಟಪಾಲು ಗಾಡಿಗಳಿಗೆ ದಾರಿಯುದ್ದಕ್ಕೂ ಕುದುರೆ ಬದಲಿಸುವ ಠಾಣೆಗಳಿದ್ದವು. ದಣಿದ ಕುದುರೆಯಿಂದ ಕೆಲಸ ತೆಗೆದರೆ ನಷ್ಟವೆಂಬುದು ಎಲ್ಲರಿಗೂ ಗೊತ್ತಿತ್ತು. ಎಂಜಿನ್ನಿಗೆ ದಣಿವಿಲ್ಲ. ಅದು ಬಂದ ಮೇಲೆ ಎಲ್ಲಿ ನಿಲ್ಲಬೇಕೆಂದು ಹೇಳುವ ಪ್ರಾಣಿ ಇಲ್ಲವಾಯಿತು, ಕಣ್ಣು ತೆರೆದಿರಬೇಕಾದವನು ಮನುಷ್ಯನೊಬ್ಬನೇ ಆದ.

ಆದರೂ ಮೋಟಾರು ಬಂದ ಮೊದಲ ದಿನಗಳಲ್ಲಿ ಈ ಅಪಾಯ ಅಷ್ಟಾಗಿ ಕಾಣಿಸಲಿಲ್ಲ. ಮಂಗಳೂರಿನಲ್ಲಿ 1914ರಲ್ಲಿ ಹುಟ್ಟಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯಂಥ ಖಾಸಗಿ ಸಂಸ್ಥೆಗಳು ಬಸ್ ಓಡಿಸುತ್ತಿದ್ದ ರಸ್ತೆಗಳು ಮಣ್ಣಿನವು, ತಿರುವಿನವು; ನದಿ ಸಿಕ್ಕಲ್ಲಿ ಸೇತುವೆಯಿಲ್ಲದೆ ವಾಹನ ದಾಟಿಸುವ ಜಂಗಲ್ ದೋಣಿಗೆ ಕಾಯಬೇಕಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲು ರೇಷನ್ನಾಗಿ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಏರಿನಲ್ಲಿ ಜನ ಇಳಿದು ತಳ್ಳುವುದು, ಒಲೆಗೆ ಇದ್ದಿಲು ತುಂಬಲು ನಡುದಾರಿಯಲ್ಲಿ ನಿಲ್ಲುವುದು ಸಾಮಾನ್ಯವಾಗಿತ್ತು. ಅಂಥ ಪಯಣದಲ್ಲಿ ಮೈ ನುಗ್ಗಾಗುತ್ತಿತ್ತು, ಆದರೆ ಜೊಂಪಿಗೆ ಬೇಕಾದ ಏಕತಾನತೆ ಇರಲಿಲ್ಲ.

ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. 1961ರ ಆಗಸ್ಟ್‌ನಲ್ಲಿ ಅದು ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರಿನೊಂದಿಗೆ ಅದರ ಹೆಸರೂ ಬದಲಾಯಿತು. ಈ ಬಸ್ಸುಗಳ ಓಡಾಟದಲ್ಲಿ ಬೆಳೆದ ಒಂದು ವಾಡಿಕೆಯೆಂದರೆ ರಾತ್ರಿ ತಂಗುವುದು. ಉತ್ತರ ಕರ್ನಾಟಕದವರು ಅದಕ್ಕೆ ‘ವಸ್ತಿ ಬಸ್ಸು’ ಎನ್ನುತ್ತಾರೆ, ಹಳೆ ಮೈಸೂರಿನವರು ‘ನೈಟ್ ಹಾಲ್ಟ್’ ಎನ್ನುತ್ತಾರೆ. ಸಂಜೆ ಕೊನೆಯ ಟ್ರಿಪ್ಪಿನಲ್ಲಿ ಹಳ್ಳಿ ಸೇರಿದ ಬಸ್ಸು ಅಲ್ಲೇ ನಿಂತು ಬೆಳಗಿನ ಮೊದಲ ಬಸ್ಸಾಗಿ ಹೊರಡುತ್ತದೆ. ಚಾಲಕನೂ ನಿರ್ವಾಹಕನೂ ಬಸ್ಸಿನ ಸೀಟಿನ ಮೇಲೋ, ಗುಡಿಯ ಕಟ್ಟೆಯ ಮೇಲೋ ಸೊಳ್ಳೆಯೊಂದಿಗೆ ರಾತ್ರಿ ಕಳೆದು ನಸುಕಿಗೇ ಏಳುತ್ತಾರೆ. ಹಳ್ಳಿಯ ವಿದ್ಯಾರ್ಥಿಗೆ, ಹಾಲು ಹೂವು ಒಯ್ಯುವವರಿಗೆ ಈ ಬಸ್ಸು ಎಷ್ಟು ಉಪಕಾರ ಮಾಡಿದೆಯೋ ಅಷ್ಟೇ ನಿದ್ದೆಯನ್ನು ಸಿಬ್ಬಂದಿಯಿಂದ ಕಿತ್ತುಕೊಂಡಿದೆ. ಡ್ಯೂಟಿ ಪಟ್ಟಿಯಲ್ಲಿ ಅದು ವಿಶ್ರಾಂತಿ. ಆದರೆ ಮಲಗಲು ಜಾಗ ಕೊಡದೆ ಮಲಗುವ ಸಮಯವನ್ನಷ್ಟೇ ಕೊಟ್ಟರೆ ದೇಹ ಅದನ್ನು ವಿಶ್ರಾಂತಿಯೆಂದು ಒಪ್ಪುವುದಿಲ್ಲ. ರಾತ್ರಿಯಿಡೀ ಓಡುವ ದೂರದ ಬಸ್ಸುಗಳ ವಿಷಯದಲ್ಲಿ ನಿಗಮ ಬೇರೆ ದಾರಿ ಹಿಡಿಯಿತು. ‘ಚಾಲಕ ಕಂ ನಿರ್ವಾಹಕ’ ಎಂಬ ಹುದ್ದೆಯ ಇಬ್ಬರು ಟಿಕೆಟ್ಟನ್ನೂ ಸ್ಟೇರಿಂಗನ್ನೂ ಸರದಿಯ ಮೇಲೆ ಹಂಚಿಕೊಳ್ಳುವ ಈ ವ್ಯವಸ್ಥೆ ತೂಕಡಿಸಿದವನನ್ನು ಎಚ್ಚರಿಸುವ ಇಂದಿನ ಸಾಧನಗಳಿಗಿಂತ ಹೆಚ್ಚು ಉಪಯುಕ್ತ.

ದಣಿದವನು ವಾಹನ ನಡೆಸಬಾರದೆಂಬ ಮಾತು ಕಾನೂನಿನ ಪುಸ್ತಕಕ್ಕೆ ಬಂದದ್ದು ರೈಲಿನ ಮೂಲಕ. ಅಮೆರಿಕ 1907ರಲ್ಲಿ ರೈಲ್ವೆ ನೌಕರರ ದುಡಿಮೆಗೆ 16 ಗಂಟೆಗಳ ಮಿತಿ ಹಾಕಿತು. ಇಂದು ಆ ಅಂಕಿ ಕ್ರೂರವಾಗಿ ಕಾಣುತ್ತದೆ. ಅಂದು ಅದು ಸುಧಾರಣೆಯಾಗಿತ್ತು. ರಸ್ತೆಯ ಮಟ್ಟಿಗೆ ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆ ಬಸ್ಸು, ಲಾರಿ ಚಾಲಕರು ಐದೂವರೆ ಗಂಟೆಗಿಂತ ಹೆಚ್ಚು ಒಂದೇ ಸಮನೆ ಓಡಿಸಬಾರದು, ದಿನಕ್ಕೆ 11 ಗಂಟೆ ಮೀರಬಾರದು ಎಂದಿತು. ಭಾರತದ 1914ರ ಮೋಟಾರು ವಾಹನ ಕಾಯ್ದೆಯ ಗಮನವೆಲ್ಲ ನೋಂದಣಿ, ಲೈಸೆನ್ಸ್, ದುಡುಕಿನ ಚಾಲನೆಯ ಮೇಲಿತ್ತು. 1930ರ ದಶಕದಲ್ಲಿ ಬಸ್ಸು ಲಾರಿಗಳು ರೈಲಿನ ಗಿರಾಕಿಗಳನ್ನು ಕಸಿಯತೊಡಗಿದಾಗ ಮಿಚೆಲ್ ಮತ್ತು ಕಿರ್ಕ್‌ನೆಸ್ ಎಂಬ ಅಧಿಕಾರಿಗಳು ರಸ್ತೆ-ರೈಲು ಪೈಪೋಟಿಯ ಬಗ್ಗೆ ವರದಿ ಕೊಟ್ಟರು. ಅದರ ಹಿಂದೆಯೇ 1939ರ ಮೋಟಾರು ವಾಹನ ಕಾಯ್ದೆ ಬಂತು. ರೈಲಿನ ಆದಾಯ ಕಾಪಾಡುವ ಚಿಂತೆ ಬಲವಾಗಿದ್ದ ಅದೇ ಕಾಯ್ದೆಯೊಳಗೆ ಚಾಲಕನ ದೇಹಕ್ಕೂ ಒಂದು ಕಲಮು ಸಿಕ್ಕಿತು: ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು, ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 54 ಗಂಟೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಅದೇ ವರ್ಷ ರಸ್ತೆ ಸಾರಿಗೆಯ ದುಡಿಮೆಯ ಅವಧಿ ಕುರಿತು ಒಡಂಬಡಿಕೆಯೊಂದನ್ನು ರೂಪಿಸಿತು.

ಸ್ವಾತಂತ್ರ್ಯಾನಂತರದ ಮುಖ್ಯ ಹೆಜ್ಜೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ದಿನಕ್ಕೆ 8, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗಗಳಿಗೆ ಅನುಮತಿ ಪಡೆದು 10 ಮತ್ತು 54 ಗಂಟೆ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಕನಿಷ್ಠ ಒಂಬತ್ತು ಗಂಟೆ ಬಿಡುವು. ಓದಲು ಇದು ಅಚ್ಚುಕಟ್ಟಾದ ಕಾನೂನು. ಅದರ ದೌರ್ಬಲ್ಯವೆಲ್ಲ ವ್ಯಾಪ್ತಿಯಲ್ಲಿತ್ತು: ಐದು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅದು ತಾನಾಗಿ ಅನ್ವಯಿಸುತ್ತಿತ್ತು. ಭಾರತದ ಲಾರಿ ವ್ಯವಹಾರವಾದರೋ ಒಂದೋ ಎರಡೋ ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರ ಕೈಯಲ್ಲೇ ಬೆಳೆದದ್ದು. ಮುಂದೆ ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲೊಂದಾದ ವಿ.ಆರ್.ಎಲ್. ಕೂಡ 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾಯಿತು. ಸಾಲ ಮಾಡಿ ಒಂದು ಲಾರಿ ಕೊಂಡು ತಾನೇ ಓಡಿಸುವವನಿಗೆ, ಅಥವಾ ಒಬ್ಬ ಡ್ರೈವರ್ ಒಬ್ಬ ಕ್ಲೀನರ್ ಇಟ್ಟುಕೊಂಡವನಿಗೆ, ಈ ಕಾಯ್ದೆಯ ನೆರಳು ತಾಗಲಿಲ್ಲ. ಹೀಗೆ ಹೆಚ್ಚು ದಣಿಯುವವರೇ ರಕ್ಷಣೆಯ ಹೊರಗುಳಿದರು. 1988ರ ಮೋಟಾರು ವಾಹನ ಕಾಯ್ದೆ ಕೆಲಸದ ಗಂಟೆಗಳಿಗೆ 1961ರ ಕಾಯ್ದೆಯತ್ತಲೇ ಕೈತೋರಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ 1961ರ ಕಾಯ್ದೆ ವಿಲೀನಗೊಂಡಿತು.

ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ಸಂಬಂಧಿಸಿದ ಇನ್ನೊಂದು ನಿಯಮ ಹೆಚ್ಚು ವಿವೇಕದ್ದಾಗಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಂಥ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಸೀಟಿನ ಹಿಂದೆ ಎರಡನೆಯವನು ಕೈಕಾಲು ಚಾಚಿ ಮಲಗುವಷ್ಟು ಉದ್ದದ ಆಸನವಿರಬೇಕು ಎಂದಿದ್ದವು. ಲಾರಿ ಕ್ಯಾಬಿನ್ನಿನ ಹಿಂಬದಿಯ ಹಲಗೆ ಮಂಚಕ್ಕೆ ಹೀಗೆ ಕಾನೂನಿನ ಬೆಂಬಲವಿತ್ತು. ವಾಸ್ತವದಲ್ಲಿ ಎರಡನೆಯ ಚಾಲಕನ ಸಂಬಳ ಉಳಿಸಲು ಆ ಮಂಚ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಹುಡುಗನ ಪಾಲಾಯಿತು. 2018ರಲ್ಲಿ ಇಬ್ಬರು ಚಾಲಕರ ಕಡ್ಡಾಯವನ್ನೇ ಸರ್ಕಾರ ತೆಗೆದುಹಾಕಿತು. ಚಾಲಕರ ಕೊರತೆ, ಪಾಲನೆಯಾಗದ ನಿಯಮದಿಂದ ಹುಟ್ಟುವ ಲಂಚ ಮೊದಲಾದ ಕಾರಣಗಳು ಏನೇ ಇರಲಿ, ಪಾಲನೆಯಾಗದ ಒಳ್ಳೆಯ ನಿಯಮವನ್ನು ಪಾಲಿಸುವಂತೆ ಮಾಡುವುದರ ಬದಲು ಕೈಬಿಟ್ಟದ್ದು ಹಿಂದಕ್ಕಿಟ್ಟ ಹೆಜ್ಜೆಯೇ.

ಲಾರಿಯವರ ನಿದ್ದೆಗೆಡಿಸಿದ್ದು ರಸ್ತೆಗಿಂತ ಹೆಚ್ಚಾಗಿ ಟ್ರಿಪ್ಪಿನ ಲೆಕ್ಕ. ತಿಂಗಳ ಸಂಬಳ ಅಲ್ಪ, ಬತ್ತಾ ಟ್ರಿಪ್ಪಿಗಿಷ್ಟು ಎಂಬ ಪದ್ಧತಿಯಲ್ಲಿ ಮಲಗಿದ ಗಂಟೆ ಎಂದರೆ ಕಳೆದುಕೊಂಡ ಗಂಟೆ. ತರಕಾರಿ, ಮಲ್ಪೆಯ ಮೀನು, ಹೂವು, ಮಧ್ಯರಾತ್ರಿ ಅಚ್ಚಾಗಿ ಬೆಳಗಾಗುವುದರೊಳಗೆ ಊರು ತಲುಪಬೇಕಾದ ದಿನಪತ್ರಿಕೆ, ಎಲ್ಲವೂ ದೇಹಕ್ಕೆ ನಿದ್ದೆ ಬೇಕಾದ ಹೊತ್ತಿನಲ್ಲೇ ಸಾಗುವ ಸರಕು. ಹಗಲು ಎಪಿಎಂಸಿ ಅಂಗಳದಲ್ಲೋ ಗೋದಾಮಿನ ಮುಂದೋ ಲೋಡಿಗೆ, ಅನ್‌ಲೋಡಿಗೆ ಕಾಯುವ ಸಮಯ ಕೆಲಸವೂ ಅಲ್ಲ, ನಿದ್ದೆಯೂ ಅಲ್ಲ. ಸರದಿ ತಪ್ಪೀತೆಂಬ ಭಯಕ್ಕೆ ಒಂದು ಕಣ್ಣು ತೆರೆದೇ ಇರಬೇಕು. ಕರ್ನಾಟಕದಲ್ಲಿ ಇದು ಅತಿರೇಕಕ್ಕೆ ಹೋದದ್ದು 2003ರಿಂದಾಚೆಗಿನ ಅದಿರಿನ ಕಾಲದಲ್ಲಿ. ಸಂಡೂರು, ಹೊಸಪೇಟೆಯ ಗಣಿಗಳಿಂದ ಕರಾವಳಿಯ ಬಂದರುಗಳಿಗೆ ಲಾರಿಗಳು ಹಗಲು ರಾತ್ರಿಯೆನ್ನದೆ, ಮಿತಿ ಮೀರಿದ ಭಾರ ಹೊತ್ತು, ಅರಬೈಲಿನಂಥ ಘಟ್ಟ ಇಳಿದವು. 2011ರ ಲೋಕಾಯುಕ್ತ ವರದಿ ಹೇಳಿದ್ದು ಅಕ್ರಮ ಗಣಿಗಾರಿಕೆಯ ಕತೆ. ಆ ಅದಿರನ್ನು ಹೊತ್ತವರ ನಿದ್ದೆಗೇಡಿನ ಕತೆ ಬರೆಯಲು ಯಾವ ಆಯೋಗವೂ ಕೂರಲಿಲ್ಲ.

ಎಚ್ಚರವಾಗಿರಲು ಚಾಲಕರು ತಮ್ಮದೇ ಒಂದು ವೈದ್ಯವನ್ನು ಕಟ್ಟಿಕೊಂಡಿದ್ದರು. ಡಾಬಾದ ಕಡಕ್ ಚಹಾ, ಬೀಡಿ, ಎಲೆಅಡಿಕೆ ತಂಬಾಕು, ಆಮೇಲೆ ಗುಟ್ಕಾ. ಮುಖಕ್ಕೆ ತಣ್ಣೀರು, ತೆರೆದ ಕಿಟಕಿ, ಜೋರಾಗಿ ಹಚ್ಚಿದ ಕ್ಯಾಸೆಟ್ಟಿನ ಹಾಡು. ಕ್ಲೀನರ್‌ನ ಕೆಲಸಗಳಲ್ಲಿ ಟಯರಿಗೆ ಸುತ್ತಿಗೆ ಬಡಿದು ನೋಡುವುದು, ರಿವರ್ಸಿಗೆ ಸದ್ದು ಕೊಡುವುದು ಎಷ್ಟು ಮುಖ್ಯವೋ ಉಸ್ತಾದನನ್ನು, ಅಂದರೆ ಚಾಲಕನನ್ನು, ಮಾತಿಗೆಳೆಯುವುದೂ ಅಷ್ಟೇ ಮುಖ್ಯ. ಹುಡುಗ ಮಲಗಿಬಿಟ್ಟರೆ ಬೈಗುಳ ಬೀಳುತ್ತಿತ್ತು. ಉತ್ತರ ಭಾರತದ ಕೆಲವು ಮಾರ್ಗಗಳಲ್ಲಿ ಅಫೀಮಿನ ಸಿಪ್ಪೆಯೂ ಈ ಪಟ್ಟಿ ಸೇರಿ ಹೊಸದೊಂದು ಕೇಡು ತಂದಿತು.

ಈ ವೈದ್ಯದಲ್ಲಿ ಯಾವುದು ಫಲ ಕೊಡುತ್ತದೆ, ಯಾವುದು ಬರಿ ಭ್ರಮೆ ಎಂಬುದನ್ನು ಪ್ರಯೋಗಶಾಲೆಗಳು ಅಳೆದದ್ದು ಇಪ್ಪತ್ತನೆಯ ಶತಮಾನದ ಕೊನೆಗೆ. ಅದರ ತಳಹದಿ ಹಳೆಯದು. ಷಿಕಾಗೊ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ 1938ರಲ್ಲಿ ಶಿಷ್ಯನೊಬ್ಬನ ಜೊತೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ 32 ದಿನ ಕಳೆದು, ಸೂರ್ಯನೇ ಕಾಣದ ಕಡೆ ದೇಹ 28 ಗಂಟೆಗಳ ದಿನಕ್ಕೆ ಹೊಂದಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಿದರು. ಶಿಷ್ಯನ ದೇಹ ಹೊಂದಿಕೊಂಡಿತು. ಕ್ಲೈಟ್‌ಮನ್ನರ ದೇಹದ ಉಷ್ಣತೆಯ ಏರಿಳಿತ ಹಳೆಯ 24 ಗಂಟೆಗಳ ಲಯವನ್ನೇ ಹಿಡಿದು ಕೂತಿತು. ದೇಹದೊಳಗಿನ ಈ ಗಡಿಯಾರ ಮನುಷ್ಯನ ಎಚ್ಚರವನ್ನು ದಿನಕ್ಕೆರಡು ಬಾರಿ ತಗ್ಗಿಸುತ್ತದೆ: ಆಳವಾಗಿ ರಾತ್ರಿ 2ರಿಂದ 6 ಗಂಟೆಯ ನಡುವೆ, ಹಗುರವಾಗಿ ಮಧ್ಯಾಹ್ನ 2ರಿಂದ 4ರ ನಡುವೆ. ಬ್ರಿಟನ್ನಿನ ಲಫ್‌ಬರೊ ವಿಶ್ವವಿದ್ಯಾಲಯದ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ದೆಯಿಂದಾದ ಅಪಘಾತಗಳು ಇವೇ ಹೊತ್ತುಗಳಲ್ಲಿ ಗುಂಪುಗೂಡಿದ್ದವು. ಮಧ್ಯಾಹ್ನದ ಊಟ ಜಡಿದದ್ದರಿಂದ ಕಣ್ಣೆಳೆಯಿತೆನ್ನುವುದು ಅರ್ಧ ಸತ್ಯ. ಉಣ್ಣದಿದ್ದರೂ ಆ ಹೊತ್ತಿಗೆ ಎಚ್ಚರ ತಗ್ಗುತ್ತದೆ.

ಕಣ್ಣು ಮುಚ್ಚಿಯೇ ನಿದ್ದೆ ಬರಬೇಕೆಂದಿಲ್ಲ. ಮಿದುಳು ಕೆಲವೇ ಸೆಕೆಂಡು ಹೊರಗಿನದೆಲ್ಲವನ್ನೂ ಬಿಟ್ಟುಬಿಡುವ ಕಿರುನಿದ್ದೆ ರೆಪ್ಪೆ ತೆರೆದಿರುವಾಗಲೂ ಬರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿನ ಮಂಪರಿನಲ್ಲಿ ಸುಮಾರು 90 ಮೀಟರ್ ದಾರಿ ಯಾರ ಹಿಡಿತದಲ್ಲೂ ಇರುವುದಿಲ್ಲ. ಬ್ರೇಕು ಬೀಳದ ಕಾರಣ ಇಂಥ ಅಪಘಾತ ಪೂರ್ತಿ ವೇಗದಲ್ಲಿ ನಡೆಯುತ್ತದೆ, ಸಾವೂ ಹೆಚ್ಚು. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ 1997ರಲ್ಲಿ ಇನ್ನೊಂದು ಅಳತೆ ಕೊಟ್ಟರು: 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯವಿದ್ದವನಷ್ಟೇ ಕುಂದಿರುತ್ತದೆ. ಭಾರತದ ಕಾನೂನಿನ ಮಿತಿ 30 ಮಿ.ಗ್ರಾಂ. ಬೆಳಿಗ್ಗೆ ಐದಕ್ಕೆ ಎದ್ದು ಹಗಲೆಲ್ಲ ದುಡಿದು ರಾತ್ರಿ ಹತ್ತಕ್ಕೆ ಕಾರು ಹತ್ತಿ ಊರಿಗೆ ಹೊರಡುವವನು ಆ ಲೆಕ್ಕದಲ್ಲಿ ಕುಡಿದವನಿಗೆ ಸಮ. ಅವನನ್ನು ತಡೆದು ಊದಿಸಿ ನೋಡುವ ಉಪಕರಣವಿಲ್ಲ.

ಕಿಟಕಿಯ ಗಾಳಿ ಮತ್ತು ರೇಡಿಯೊವನ್ನೂ ಹಾರ್ನ್, ರೇನರ್ ಪರೀಕ್ಷೆಗೊಡ್ಡಿದರು. ಅವುಗಳ ಪ್ರಭಾವ ಅಲ್ಪ, ಅದೂ ಕೆಲ ನಿಮಿಷದ್ದು. ವಾಹನ ನಿಲ್ಲಿಸಲು ಜಾಗ ಹುಡುಕುವ ತನಕವಷ್ಟೇ ಅವನ್ನು ನಂಬಬಹುದು. ಚಹಾ ಕಾಫಿಯ ಮಟ್ಟಿಗೆ ಚಾಲಕರ ಅನುಭವ ಸುಳ್ಳಲ್ಲ, ಆದರೆ ಅದರ ಬಳಕೆಯ ಕ್ರಮದಲ್ಲಿ ದೋಷವಿತ್ತು. ಕೆಫೀನ್ ಮೈಗೆ ಹತ್ತಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕುಡಿದ ಕೂಡಲೇ ಗಾಡಿ ಎಬ್ಬಿಸಿದರೆ ಆ ಅರ್ಧ ಗಂಟೆ ಅಪಾಯ ಇದ್ದಂತೆಯೇ ಇರುತ್ತದೆ. ಕಾಫಿ ಕುಡಿದು ಕೂಡಲೇ ಹದಿನೈದು ನಿಮಿಷ ಒರಗಿ, ಎದ್ದು ಮೈ ಸಡಿಲಿಸಿ ಹೊರಟರೆ ಪರಿಣಾಮ ಎರಡರಲ್ಲಿ ಯಾವುದೊಂದಕ್ಕಿಂತಲೂ ಚೆನ್ನಾಗಿರುತ್ತದೆಂದು ಅವರ ಪ್ರಯೋಗಗಳು ತೋರಿಸಿದವು. ಅರ್ಧ ಗಂಟೆ ಮೀರಿದ ನಿದ್ದೆಯಿಂದ ಎದ್ದವನಿಗೆ ಸ್ವಲ್ಪ ಹೊತ್ತು ಜಡ್ಡು ಹಿಡಿದಿರುತ್ತದೆ. ಆ ಜಡ್ಡು ಬಿಡುವವರೆಗೆ ಸ್ಟೇರಿಂಗ್ ಮುಟ್ಟಬಾರದು. ಆಂಧ್ರದಲ್ಲಿ ಪೊಲೀಸರು ನಡುರಾತ್ರಿ ವಾಹನ ತಡೆದು ಚಾಲಕರ ಮುಖ ತೊಳೆಸುವ ಕ್ರಮ, ಡಾಬಾಗಳಲ್ಲಿ ಲಾರಿ ಚಾಲಕರಿಗೆ ಉಚಿತ ಚಹಾ ಕೊಡಿಸುವ ಒಡಿಶಾ ಸರ್ಕಾರದ ಯೋಜನೆ, ಇವುಗಳ ಬೆಲೆ ನೀರಿನಲ್ಲೂ ಚಹಾದಲ್ಲೂ ಇರುವುದಕ್ಕಿಂತ ಗಾಡಿ ನಿಂತಿತೆಂಬುದರಲ್ಲಿ ಹೆಚ್ಚು.

ಇಷ್ಟರಲ್ಲಿ ರಸ್ತೆಯೂ ಬದಲಾಯಿತು. 1999ರಲ್ಲಿ ಶಂಕುಸ್ಥಾಪನೆಯಾದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಅಗಲವಾಯಿತು, ನೆಟ್ಟಗಾಯಿತು. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಂದು ಊರೊಳಗೆ ಹೊಕ್ಕು ಹೊರಡುತ್ತಿದ್ದ ಹಳೆಯ ದಾರಿಯಲ್ಲಿ ಸಾಲುಮರ, ತಿರುವು, ಎದುರು ಬರುವ ಗಾಡಿಯ ಬೆಳಕು ಚಾಲಕನನ್ನು ಕೆಣಕುತ್ತಿದ್ದವು. ಬೈಪಾಸುಗಳ ನೇರ ದಾರಿಯಲ್ಲಿ ಕಣ್ಣಿಗೆ ಮಾಡಲು ಕೆಲಸವೇ ಕಡಿಮೆ. ಎದುರುಬದುರು ಡಿಕ್ಕಿಯನ್ನು ತಪ್ಪಿಸಿದ ರಸ್ತೆ ಮಂಪರನ್ನು ತಂದಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳ ಸಾಲು ಕರಗಿದ ಮೇಲೆ ಲಾರಿಗಳಿಗೆ ಗಡಿಯಲ್ಲಿ ಸಿಗುತ್ತಿದ್ದ ಒತ್ತಾಯದ ನಿಲುಗಡೆಯೂ ಹೋಯಿತು. ವ್ಯಾಪಾರಕ್ಕೆ ಅದು ಲಾಭ. ಚಾಲಕನಿಗೆ ಸಿಕ್ಕ ಸಮಯ ಮಾತ್ರ ನಿದ್ದೆಗೆ ಸೇರದೆ ಟ್ರಿಪ್ಪಿಗೆ ಸೇರಿತು.

ಅಮೆರಿಕ ನೇರ ರಸ್ತೆಯ ಈ ಗುಣವನ್ನು ಮೊದಲೇ ಕಂಡಿತ್ತು. ನ್ಯೂಜೆರ್ಸಿಯ ಗಾರ್ಡನ್ ಸ್ಟೇಟ್ ಪಾರ್ಕ್‌ವೇಯ ಅಂಚಿನಲ್ಲಿ 1950ರ ದಶಕದ ಆರಂಭದಲ್ಲೇ ಚಕ್ರ ತಾಗಿದರೆ ಗುಂಯ್‌ಗುಡುವ ಕಾಂಕ್ರೀಟು ಪಟ್ಟಿ ಹಾಕಿದ್ದರು. ದಾರಿ ಬಿಟ್ಟು ಜಾರುತ್ತಿರುವವನನ್ನು ಎಬ್ಬಿಸಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಆದರೆ ಪಟ್ಟಿ ಎಬ್ಬಿಸುತ್ತದೆಯೇ ಹೊರತು ನಿದ್ದೆ ತೀರಿಸುವುದಿಲ್ಲ. ಅದರ ಸದ್ದಿಗೆ ಬೆಚ್ಚಿಬಿದ್ದವನು ಮುಂದಿನ ನಿಲುಗಡೆಯಲ್ಲೇ ಮಲಗಬೇಕು.

ಆ ನಿಲುಗಡೆಯೇ ಭಾರತದ ಹೆದ್ದಾರಿಗಳ ದೊಡ್ಡ ಕೊರತೆ. ಲಾರಿ ನಿಲ್ಲಿಸಿ ನಿಶ್ಚಿಂತೆಯಿಂದ ಮಲಗಲು ಜಾಗವಿಲ್ಲದವರು, ಡೀಸೆಲ್ ಕಳ್ಳರ ಭಯದವರು ರಸ್ತೆಯ ಅಂಚಿನಲ್ಲೇ ನಿಲ್ಲಿಸುತ್ತಾರೆ. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದ ಟೆಂಪೊ ಟ್ರಾವೆಲರ್ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಜನ ಸತ್ತರು. ನಸುಕು, ರಾತ್ರಿಯಿಡೀ ಓಡಿದ ಬಾಡಿಗೆ ವಾಹನ, ಅಂಚಿನಲ್ಲಿ ನಿಂತ ಲಾರಿ: ಈ ಮೂರೂ ಕೂಡಿದ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಲಗಲು ಜಾಗ ಸಿಗದ ಒಬ್ಬ ಚಾಲಕ, ಮಲಗದೆ ಹೊರಟ ಇನ್ನೊಬ್ಬ ಚಾಲಕನಿಗೆ ಎದುರಾಗುವಂತೆ ವ್ಯವಸ್ಥೆಯೇ ಮಾಡಿಟ್ಟಿದೆ. ಹೆದ್ದಾರಿಗಳಲ್ಲಿ ಮೊದಲ ಹಂತದಲ್ಲಿ ಚಾಲಕರಿಗಾಗಿ ಒಂದು ಸಾವಿರ ವಿಶ್ರಾಂತಿ ಕೇಂದ್ರಗಳ ಯೋಜನೆಯನ್ನು ಪ್ರಧಾನಿ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಹವಾನಿಯಂತ್ರಣ ಕಡ್ಡಾಯವಾಯಿತು. ಎಂಜಿನ್ನಿನ ಕಾವಿನಲ್ಲಿ ಬೇಯುವವನಿಗೆ ಇದು ಭೋಗವಲ್ಲ, ದಣಿವು ತಗ್ಗಿಸುವ ಸಾಧನ.

ನಿದ್ದೆಯ ಸಾವುಗಳ ಲೆಕ್ಕ ಮಾತ್ರ ಇಂದಿಗೂ ಸರಿಯಾಗಿ ಸಿಗುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ಕಾರಣಗಳನ್ನು ಅತಿವೇಗ, ಮದ್ಯಪಾನ, ತಪ್ಪು ದಿಕ್ಕು, ಕೆಂಪು ದೀಪ ದಾಟುವಿಕೆ, ಮೊಬೈಲ್ ಬಳಕೆ ಎಂದು ವಿಂಗಡಿಸುತ್ತದೆ. ಅವುಗಳ ಸಾಲಿನಲ್ಲಿ ನಿದ್ದೆಗೆ ತನ್ನದೇ ಜಾಗವಿಲ್ಲ. ನಿದ್ದೆಯಲ್ಲಿ ಗುದ್ದಿದ ವಾಹನವೂ ವೇಗವಾಗಿಯೇ ಇರುತ್ತದಾದ್ದರಿಂದ ಅದು ಅತಿವೇಗದ ಲೆಕ್ಕಕ್ಕೆ ಸೇರಿಹೋಗುತ್ತದೆ. ಠಾಣೆಯ ಎಫ್‌ಐಆರ್‌ನಲ್ಲಿ ಅದು ‘ಅಜಾಗರೂಕತೆ’. ಹಿಂದೆ ಭಾರತೀಯ ದಂಡ ಸಂಹಿತೆಯ 304-ಎ, 2024ರ ಜುಲೈನಿಂದ ನ್ಯಾಯ ಸಂಹಿತೆಯ 106ನೆಯ ಕಲಮು. ಗರಿಷ್ಠ ಶಿಕ್ಷೆ ಎರಡು ವರ್ಷದಿಂದ ಐದು ವರ್ಷಕ್ಕೇರಿದೆ. ಚಾಲಕ ಕೊನೆಯ ಬಾರಿ ಮಲಗಿದ್ದು ಯಾವಾಗ, ಅವನನ್ನು ಹೊರಡಿಸಿದವರು ಯಾರು ಎಂಬ ಪ್ರಶ್ನೆ ತನಿಖೆಯಲ್ಲಿ ವಿರಳ. ನ್ಯೂಜೆರ್ಸಿ 2003ರಲ್ಲಿ, 24 ಗಂಟೆಗಿಂತ ಹೆಚ್ಚು ನಿದ್ದೆಯಿಲ್ಲದೆ ವಾಹನ ಓಡಿಸಿ ಸಾವಿಗೆ ಕಾರಣನಾದರೆ ಅದನ್ನು ಗಂಭೀರ ಅಪರಾಧವೆಂದು ಎಣಿಸಬಹುದೆಂಬ ಕಾನೂನು ತಂದು ಆ ಪ್ರಶ್ನೆಯನ್ನು ನ್ಯಾಯಾಲಯದೊಳಕ್ಕೆ ತಂದಿತು.

ಗಂಟೆಗಳ ನಿಯಮ ಪಾಲನೆಯಾಗಬೇಕಾದರೆ ಗಂಟೆಗಳು ದಾಖಲಾಗಬೇಕು. ಯುರೋಪು 1970ರಲ್ಲೇ ಲಾರಿಗಳಿಗೆ ಟ್ಯಾಕೊಗ್ರಾಫ್ ಎಂಬ ಉಪಕರಣವನ್ನು ಕಡ್ಡಾಯ ಮಾಡಿತು. ಕಾಗದದ ಬಿಲ್ಲೆಯ ಮೇಲೆ ಅದು ಓಡಿದ, ನಿಂತ ಹೊತ್ತನ್ನೆಲ್ಲ ಗೀಚಿಡುತ್ತಿತ್ತು. ಕ್ಯಾಬಿನ್ನಿನೊಳಗೆ ಗೂಢಚಾರನನ್ನು ಕೂರಿಸಿದರೆಂದು ಬ್ರಿಟನ್ನಿನ ಕಾರ್ಮಿಕ ಸಂಘಗಳು ವಿರೋಧಿಸಿದವು. ಯುರೋಪಿನ ನ್ಯಾಯಾಲಯ 1979ರಲ್ಲಿ ಬ್ರಿಟನ್ ವಿರುದ್ಧ ತೀರ್ಪು ಕೊಟ್ಟ ಮೇಲೆಯೇ ಅದು ಅಲ್ಲಿ ನೆಲೆಯೂರಿತು. ಕಾಲಕ್ರಮದಲ್ಲಿ ಇದೇ ದಾಖಲೆ ಚಾಲಕನ ರಕ್ಷಣೆಗೂ ಬಂತು, ಏಕೆಂದರೆ ಇನ್ನೊಂದು ಟ್ರಿಪ್ ಹೊಡೆ ಎನ್ನುವ ಮಾಲೀಕನಿಗೆ ತೋರಿಸಲು ಅವನ ಕೈಯಲ್ಲಿ ಸಾಕ್ಷಿಯಿತ್ತು. ಇಂದಿನ ಯುರೋಪಿನ ನಿಯಮ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕೇಳುತ್ತದೆ. ಅಮೆರಿಕದಲ್ಲಿ ಚಾಲಕರು ಕೈಯಾರೆ ಬರೆಯುತ್ತಿದ್ದ ಲಾಗ್ ಪುಸ್ತಕದ ಬದಲಿಗೆ 2017ರ ಡಿಸೆಂಬರಿನಿಂದ ಎಲೆಕ್ಟ್ರಾನಿಕ್ ದಾಖಲೆ ಬಂತು. ಭಾರತದ ಲಾರಿಗಳಲ್ಲಿ ಜಿಪಿಎಸ್ ಹೆಚ್ಚಿದೆ, ಆದರೆ ಮಾಲೀಕ ಅದರಲ್ಲಿ ನೋಡುವುದು ಸರಕು ಎಲ್ಲಿದೆಯೆಂದು.

ಚಾಲಕನ ರೆಪ್ಪೆ, ತಲೆಯ ವಾಲಿಕೆ, ಸ್ಟೇರಿಂಗಿನ ಚಲನೆ ಗಮನಿಸಿ ಎಚ್ಚರಿಸುವ ಸಾಧನಗಳು 2000ದ ದಶಕದ ಕೊನೆಗೆ ವೋಲ್ವೊ, ಮರ್ಸಿಡಿಸ್ ಕಾರುಗಳಲ್ಲಿ ಬಂದವು. ಯುರೋಪಿನಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆಲ್ಲ 2024ರ ಜುಲೈನಿಂದ ಇಂಥ ಎಚ್ಚರಿಕೆ ಕಡ್ಡಾಯ. ಕರ್ನಾಟಕದ ಸಾರಿಗೆ ನಿಗಮವೂ ಕೆಲವು ಬಸ್ಸುಗಳಲ್ಲಿ ಇದನ್ನು ಅಳವಡಿಸಿದೆ. ಸಾಧನ ಬಡಿದೆಬ್ಬಿಸಿದ ಮೇಲೆ ನಿಲ್ಲಲು ಜಾಗ, ನಿಂತದ್ದಕ್ಕೆ ಸಂಬಳ ಕತ್ತರಿಸದ ಧಣಿ ಇದ್ದಾಗ ಮಾತ್ರ ಅದರಿಂದ ಪ್ರಯೋಜನ.

ಸ್ವಂತ ಕಾರು ಓಡಿಸುವವರಿಗೆ ಕೆಲಸದ ಗಂಟೆಗಳ ಕಾನೂನು ಎಲ್ಲೂ ಇಲ್ಲ. ಶುಕ್ರವಾರ ಕಚೇರಿ ಮುಗಿಸಿ ಬೆಂಗಳೂರಿನಿಂದ ಕರಾವಳಿಗೋ ಬೆಳಗಾವಿಗೋ ಹೊರಟು ಭಾನುವಾರ ರಾತ್ರಿ ಮರಳುವ ಲಕ್ಷಾಂತರ ಮಂದಿಗೆ ಉಳಿದಿರುವುದು ವೈದ್ಯರ ಸಲಹೆಯೊಂದೇ. ಹಿಂದಿನ ರಾತ್ರಿ ಏಳು ಗಂಟೆಯಾದರೂ ಮಲಗಿರಬೇಕು; ನಸುಕಿನ ಎರಡರಿಂದ ಆರರವರೆಗಿನ ಹೊತ್ತನ್ನು ಚಾಲನೆಗೆ ಇಟ್ಟುಕೊಳ್ಳಬಾರದು; ಎರಡು ಗಂಟೆಗೊಮ್ಮೆ ನಿಲ್ಲಬೇಕು, ಓಡಿಸಬಲ್ಲ ಇನ್ನೊಬ್ಬರಿದ್ದರೆ ಅಲ್ಲಿಯೇ ಕೈ ಬದಲಿಸಬೇಕು. ನೆಗಡಿಗೆ, ಅಲರ್ಜಿಗೆ ಕೊಡುವ ಹಲವು ಮಾತ್ರೆಗಳೂ ಕೆಮ್ಮಿನ ಕೆಲವು ಸಿರಪ್ಪುಗಳೂ ಮಂಪರು ತರುತ್ತವೆ. ಹಿಂದಿನ ಕೆಲವು ಕಿಲೋಮೀಟರು ಹೇಗೆ ಬಂದೆವೆಂಬುದು ನೆನಪಿಲ್ಲದಿರುವುದು, ಮೇಲಿಂದ ಮೇಲೆ ಆಕಳಿಕೆ, ಗಾಡಿ ಪಟ್ಟೆ ದಾಟಿ ಹೋಗುವುದು, ಇವು ಕಿರುನಿದ್ದೆ ಆಗಲೇ ಶುರುವಾಗಿರುವ ಲಕ್ಷಣಗಳು. ರಾತ್ರಿಯೆಲ್ಲ ಗೊರಕೆ ಹೊಡೆದು, ಉಸಿರು ಕಟ್ಟಿ ಎಚ್ಚೆತ್ತು, ಹಗಲು ತೂಕಡಿಸುವವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಎಂಟು ಗಂಟೆ ಮಲಗಿದರೂ ಅಂಥವರ ದಣಿವು ತೀರಿರುವುದಿಲ್ಲ; ರಾತ್ರಿ ಮುಖಕ್ಕೆ ಮಾಸ್ಕ್ ಹಾಕಿ ಗಾಳಿಯೊತ್ತುವ ಸಿಪ್ಯಾಪ್ ಯಂತ್ರದಿಂದ ಅದಕ್ಕೆ ಚಿಕಿತ್ಸೆಯಿದೆ. ಹಗಲಿರುಳು ಕುಳಿತೇ ಕಳೆಯುವ, ಹೊತ್ತಲ್ಲದ ಹೊತ್ತಿನಲ್ಲಿ ಉಂಡು ಬೊಜ್ಜು ಬೆಳೆದ ವೃತ್ತಿಚಾಲಕರಲ್ಲಿ ಈ ಕಾಯಿಲೆಯ ಸಂಭವ ಹೆಚ್ಚು. ಹಾಗಾಗಿ ಅವರ ಕಣ್ಣಿನ ತಪಾಸಣೆಯ ಜೊತೆಗೆ ನಿದ್ದೆಯ ತಪಾಸಣೆಯೂ ನಡೆಯಬೇಕು.